ಮೂರನೆಯ ತಾರೀಖು



ಯಾವ ಮಾತ್ರೆಯ ಸ್ಟ್ರಿಪ್ಪನ್ನಾದರೂ ತಿರುವಿ ನೋಡಿ, ಬೆನ್ನಿಗೆ ಎರಡು ತಾರೀಖು ಅಚ್ಚಾಗಿರುತ್ತವೆ. ತಯಾರಾದದ್ದು ಯಾವಾಗ, ಅವಧಿ ಮುಗಿಯುವುದು ಯಾವಾಗ. ಎರಡೂ ಮಾತ್ರೆಯ ಆಯುಷ್ಯದ ಲೆಕ್ಕ. ನುಂಗುವವರ ಲೆಕ್ಕ ಅಲ್ಲಿಲ್ಲ. ಅವರಿಗೆ ಬೇಕಾದದ್ದು ಮೂರನೆಯ ತಾರೀಖು, ಇದನ್ನು ಎಂದು ನಿಲ್ಲಿಸಬೇಕು ಎನ್ನುವುದು. ಜ್ವರದ ಮಾತ್ರೆಗೆ ಆ ತಾರೀಖನ್ನು ಜ್ವರವೇ ಹೇಳುತ್ತದೆ. ಆಂಟಿಬಯೋಟಿಕ್‌ಗೆ ಐದು ದಿನ, ಏಳು ದಿನ ಎಂದು ವೈದ್ಯರು ಹೇಳುತ್ತಾರೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಬಹುಮಟ್ಟಿಗೆ ಜೀವನಪರ್ಯಂತ ಎಂಬುದು ಎಲ್ಲರಿಗೂ ಗೊತ್ತಿದೆ. ಎದೆಯುರಿಗೆ, ಹುಳಿತೇಗಿಗೆ ಎಂದು ನುಂಗುವ ಮಾತ್ರೆ ಮಾತ್ರ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಎರಡು ವಾರಕ್ಕೆಂದು ಮನೆಗೆ ಬಂದದ್ದು ಎಂಟು ವರ್ಷವಾದರೂ ಹೊರಡುವುದಿಲ್ಲ. ಬಂದ ನೆಂಟ ಮನೆಯವನೇ ಆಗಿಬಿಟ್ಟ ಹಾಗೆ. ನಾನು ಈ ಹೊತ್ತು ಹೇಳಹೊರಟಿರುವುದು ಇಷ್ಟೆ: ಈ ಮಾತ್ರೆ ಒಳ್ಳೆಯ ಮದ್ದು, ಕಳೆದ ಶತಮಾನದ ವೈದ್ಯಕೀಯ ಕೊಟ್ಟ ಉತ್ತಮ ಮದ್ದುಗಳಲ್ಲಿ ಒಂದು. ಕೆಟ್ಟಿರುವುದು ನಾವು ಅದನ್ನು ನುಂಗುವ ಹೊತ್ತು, ನುಂಗುವ ಕಾರಣ, ಎಲ್ಲಕ್ಕಿಂತ ಹೆಚ್ಚಾಗಿ ನಿಲ್ಲಿಸಲು ಮರೆತಿರುವ ನಮ್ಮ ಅಭ್ಯಾಸ.

ಈ ಮಾತನ್ನು ಕೊಡಗಿನಲ್ಲಿ ನಿಂತು ಹೇಳುವುದಕ್ಕೆ ಒಂದು ಅನುಕೂಲವಿದೆ. ಮದ್ದಿಗೊಂದು ತಾರೀಖು ಇರಬೇಕೆಂಬುದು ಈ ನಾಡಿಗೆ ಹೊಸ ವಿಚಾರವಲ್ಲ. ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಎಂದರೆ ಆಗಸ್ಟ್ ಮೊದಲ ವಾರದಲ್ಲಿ, ಜಡಿಮಳೆಯ ನಡುವೆ ಮದ್ದುಸೊಪ್ಪನ್ನು ಕೊಯ್ದು ತಂದು ಕುದಿಸಿ, ಆ ನೇರಳೆ ಬಣ್ಣದ ರಸಕ್ಕೆ ಅಕ್ಕಿ, ಬೆಲ್ಲ ಸೇರಿಸಿ ಪಾಯಸ ಮಾಡುತ್ತಾರೆ. ಸಸ್ಯಶಾಸ್ತ್ರಜ್ಞರು ಜಸ್ಟಿಸಿಯ ವೈನಾಡೆನ್ಸಿಸ್ ಎಂದು ಕರೆಯುವ ಈ ಗಿಡದಲ್ಲಿ ಅಂದು ಹದಿನೆಂಟು ಬಗೆಯ ಔಷಧ ಕೂಡಿರುತ್ತದೆ ಎಂಬುದು ನಂಬಿಕೆ. ತಿಂದ ಮೇಲೆ ಮೂತ್ರದ ಬಣ್ಣ ಬದಲಾಗುವುದು ನಂಬಿಕೆಯಲ್ಲ, ಕಣ್ಣಿಗೆ ಕಾಣುವ ಸಂಗತಿ. ಹದಿನೆಂಟರ ಲೆಕ್ಕ ಪ್ರಯೋಗಾಲಯದಲ್ಲಿ ನಿಲ್ಲುತ್ತದೆಯೇ ಎಂಬ ಜಗಳವನ್ನು ಇಲ್ಲಿ ಬಿಡೋಣ. ನನಗೆ ಮುಖ್ಯವೆನಿಸುವುದು, ಈ ಮದ್ದಿಗೆ ಒಂದು ದಿನ ಗೊತ್ತಾಗಿದೆ. ದಿನ ಕಳೆದರೆ ಮದ್ದೂ ಮುಗಿಯಿತು. ಕಕ್ಕಡ ಒಳ್ಳೆಯದೆಂದು ವರ್ಷವಿಡೀ ಮದ್ದುಪಾಯಸ ಉಣ್ಣುವವರು ಯಾರೂ ಇಲ್ಲ. ಅದೇ ಮನೆಯ ಕಪಾಟಿನಲ್ಲಿ ಎದೆಯುರಿಯ ಪ್ಯಾಂಟೊಪ್ರಜೋಲ್ ಸ್ಟ್ರಿಪ್ಪು ವರ್ಷವಿಡೀ ಇರುತ್ತದೆ.

ಮೊದಲು ಹೆಸರಿನ ವಿಚಾರ. ಎದೆಯುರಿ, ಹುಳಿತೇಗು, ಪಿತ್ತ, ಅಜೀರ್ಣ, ಹೊಟ್ಟೆಯುಬ್ಬರ: ಕನ್ನಡದಲ್ಲಿ ಹೆಸರುಗಳಿಗೆ ಬರವಿರಲಿಲ್ಲ, ಒಂದೊಂದು ಹೆಸರೂ ಒಂದೊಂದು ಅನುಭವವನ್ನು ಹಿಡಿದುಕೊಡುತ್ತಿತ್ತು. ಮಾಧವನಿದಾನದಂಥ ಹಳೆಯ ಆಯುರ್ವೇದ ಗ್ರಂಥವೂ ಅಮ್ಲಪಿತ್ತವನ್ನು ಬೇರೆಯೇ ಕಾಯಿಲೆಯೆಂದು ಗುರುತಿಸಿ, ಮೇಲಕ್ಕೆ ಬರುವುದು ಊರ್ಧ್ವಗ, ಕೆಳಕ್ಕೆ ಹೋಗುವುದು ಅಧೋಗ ಎಂದು ಎರಡು ಮಾಡಿತ್ತು. ಈಗ ಇಷ್ಟನ್ನೂ ಒಂದೇ ಪದ ನುಂಗಿಹಾಕಿದೆ: ಗ್ಯಾಸ್ಟ್ರಿಕ್. ಇಂಗ್ಲಿಷಿನಲ್ಲಿ ಅದು ಜಠರಕ್ಕೆ ಸಂಬಂಧಿಸಿದ್ದು ಎಂಬ ವಿಶೇಷಣ, ಕಾಯಿಲೆಯ ಹೆಸರೇ ಅಲ್ಲ. ನಮ್ಮಲ್ಲಿ ಎದೆ ಉರಿದರೂ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬಿದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್, ತಲೆ ಸಿಡಿದರೂ ಗ್ಯಾಸ್ಟ್ರಿಕ್. ಪದ ಒಂದಾದ ಮೇಲೆ ಮಾತ್ರೆಯೂ ಒಂದೇ ಆಯಿತು, ಅದರ ಹೆಸರು ಗ್ಯಾಸ್ ಮಾತ್ರೆ. ವಿಚಿತ್ರವೆಂದರೆ ಆ ಮಾತ್ರೆಗೂ ಗ್ಯಾಸಿಗೂ ಸಂಬಂಧವಿಲ್ಲ. ಅದು ಆಮ್ಲವನ್ನು ತಗ್ಗಿಸುತ್ತದೆ; ಹೊಟ್ಟೆಯೊಳಗಿನ ಗಾಳಿಯನ್ನು ತಗ್ಗಿಸುವ ಕೆಲಸ ಅದರದ್ದಲ್ಲ. ಹೊಟ್ಟೆಯುಬ್ಬರಕ್ಕೆಂದು ತಿಂಗಳುಗಟ್ಟಲೆ ಇದನ್ನು ನುಂಗಿ ಗುಣ ಕಾಣದವರು ಮಾತ್ರೆಯನ್ನು ಬೈಯುತ್ತಾರೆ, ಬೈಯಬೇಕಾದದ್ದು ಪದವನ್ನು.

ಎದೆಯುರಿ ಎಂದರೇನು? ಜಠರದಲ್ಲಿ ದಿನಕ್ಕೆ ಒಂದೂವರೆ ಎರಡು ಲೀಟರಿನಷ್ಟು ರಸ ಸುರಿಯುತ್ತದೆ, ಅದರಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿದೆ. ಜಠರದ ಒಳಗೋಡೆ ಆ ಆಮ್ಲವನ್ನು ತಡೆದುಕೊಳ್ಳಲೆಂದೇ ಆದದ್ದು, ಅನ್ನನಾಳದ ಗೋಡೆ ಹಾಗಲ್ಲ. ಇವೆರಡರ ನಡುವೆ ಸ್ನಾಯುವಿನ ಒಂದು ಬಾಗಿಲಿದೆ. ನುಂಗುವಾಗ ತೆರೆದು ಆಮೇಲೆ ಮುಚ್ಚಿಕೊಳ್ಳಬೇಕಾದ ಅದು ಸಡಿಲವಾದರೆ, ಹೊತ್ತಲ್ಲದ ಹೊತ್ತಿನಲ್ಲಿ ತೆರೆದರೆ, ಅಥವಾ ಹೊಟ್ಟೆಯ ಒತ್ತಡ ಹೆಚ್ಚಾಗಿ ಅದನ್ನು ತಳ್ಳಿದರೆ, ಕೆಳಗಿನದು ಮೇಲೆ ಬರುತ್ತದೆ. ಆಗ ಎದೆಮೂಳೆಯ ಹಿಂದೆ ಉರಿ, ಗಂಟಲಲ್ಲಿ ಹುಳಿ. ಇಲ್ಲಿ ಗಮನಿಸಬೇಕಾದದ್ದು, ಹೆಚ್ಚಿನವರಲ್ಲಿ ಆಮ್ಲ ಜಾಸ್ತಿಯಾಗಿರುವುದಿಲ್ಲ, ಇರಬೇಕಾದ ಜಾಗ ಬಿಟ್ಟು ಬಂದಿರುತ್ತದೆ, ಅಷ್ಟೆ. ಮಾತ್ರೆ ಬಾಗಿಲನ್ನು ರಿಪೇರಿ ಮಾಡುವುದಿಲ್ಲ. ಮೇಲೆ ಬರುವ ರಸದ ಖಾರವನ್ನು ತೆಗೆಯುತ್ತದೆ. ರಸ ಬರುವುದು ಬಂದೇ ಬರುತ್ತದೆ. ಭಾರತೀಯ ಜಠರಕರುಳು ತಜ್ಞರ ಸಂಘದ ಕಾರ್ಯಪಡೆ ದೇಶದ ಹಲವು ಕೇಂದ್ರಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ವಿಚಾರಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಕಾಯಿಲೆಯ ಲಕ್ಷಣ ಕಂಡದ್ದು ಶೇಕಡ 7.6 ಜನರಲ್ಲಿ. ನೂರಕ್ಕೆ ಎಂಟು ಮಂದಿ. ಗ್ಯಾಸ್ಟ್ರಿಕ್ ಇದೆ ಎನ್ನುವವರ ಸಂಖ್ಯೆ ಅದಕ್ಕಿಂತ ಎಷ್ಟು ದೊಡ್ಡದು ಎಂಬುದನ್ನು ನಿಮ್ಮ ನಿಮ್ಮ ಮನೆಯಲ್ಲಿ ಎಣಿಸಿಕೊಳ್ಳಬಹುದು.

ಮದ್ದುಗಳಲ್ಲಿ ಹಳೆಯದು ಆಮ್ಲವನ್ನು ನೇರವಾಗಿ ಹೊಡೆಯುವಂಥದ್ದು. ಅಡುಗೆ ಸೋಡಾ, ಸೀಮೆಸುಣ್ಣದಂಥ ಕ್ಯಾಲ್ಸಿಯಂ ಕಾರ್ಬೊನೇಟ್, ಜೆಲುಸಿಲ್, ಡೈಜಿನ್‌ಗಳಲ್ಲಿರುವ ಮೆಗ್ನೀಸಿಯಂ ಮತ್ತು ಅಲ್ಯೂಮಿನಿಯಂ ಲವಣಗಳು. ಇವುಗಳಲ್ಲಿ ಮೆಗ್ನೀಸಿಯಂ ಭೇದಿ ಮಾಡಿಸುತ್ತದೆ, ಅಲ್ಯೂಮಿನಿಯಂ ಮಲ ಕಟ್ಟಿಸುತ್ತದೆ. ಎರಡನ್ನೂ ಒಂದೇ ಬಾಟಲಿಯಲ್ಲಿ ಕೂಡಿಸಿದವರಿಗೆ ಲೋಕಜ್ಞಾನವಿತ್ತು. ಇವು ನಿಮಿಷಗಳಲ್ಲಿ ಕೆಲಸ ಮಾಡುತ್ತವೆ. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಅರ್ಧ ಮುಕ್ಕಾಲು ಗಂಟೆ, ಊಟದ ಮೇಲೆ ಕುಡಿದರೆ ಎರಡು ಮೂರು ಗಂಟೆ ಇರುತ್ತವೆ, ಆಮೇಲೆ ಇಲ್ಲ. ಬುರುಬುರು ನೊರೆಯೇಳುವ ಈನೋ ನಮ್ಮ ದೇಶದಲ್ಲಿ ಆಯುರ್ವೇದ ಔಷಧಿಯ ಲೈಸೆನ್ಸಿನಲ್ಲಿ ಮಾರಾಟವಾಗುತ್ತದೆ ಎಂಬುದು ಹಲವರಿಗೆ ಗೊತ್ತಿರಲಿಕ್ಕಿಲ್ಲ. ಪೊಟ್ಟಣದ ಮೇಲೆ ಸ್ವರ್ಜಿಕಾಕ್ಷಾರ, ನಿಂಬುಕಾಮ್ಲ ಎಂದು ಸಂಸ್ಕೃತವಿದೆ, ಒಳಗಿರುವುದು ಸೋಡಾ ಮತ್ತು ಸಿಟ್ರಿಕ್ ಆಮ್ಲ. ಅಪರೂಪಕ್ಕೆ ಬರುವ ಉರಿಗೆ ಇಷ್ಟು ಸಾಕು, ಧಾರಾಳವಾಗಿ ಸಾಕು. ಬಿಪಿ ಇರುವವರು, ಹೃದಯ, ಕಿಡ್ನಿ ದುರ್ಬಲವಾಗಿರುವವರು ಮಾತ್ರ ಸೋಡಾದಲ್ಲಿರುವ ಸೋಡಿಯಂ ಕೂಡ ಉಪ್ಪಿನ ಲೆಕ್ಕಕ್ಕೇ ಸೇರುತ್ತದೆ ಎಂಬುದನ್ನು ನೆನಪಿಡಬೇಕು.

ಈ ಹಳೆಯ ಮದ್ದುಗಳಿಂದ ಗುಣವಾಗದೆ ಉಳಿದದ್ದು ಜಠರ, ಕರುಳಿನ ಹುಣ್ಣು. ನಮ್ಮ ನೆರೆಯ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, ಈ ಚರಿತ್ರೆಯಲ್ಲಿ ಬರುತ್ತದೆ. 1950, 60ರ ದಶಕಗಳಲ್ಲಿ ಅಲ್ಲಿ ಶಸ್ತ್ರವೈದ್ಯರಾಗಿದ್ದ ಫ್ರಾಂಕ್ ಟೋವಿ ಎಂಬ ಇಂಗ್ಲಿಷರು, ಕರುಳಹುಣ್ಣು ದಕ್ಷಿಣ ಭಾರತದಲ್ಲಿ ಇಷ್ಟು ಹೆಚ್ಚು, ಉತ್ತರದ ಗೋಧಿ ನಾಡಿನಲ್ಲಿ ಇಷ್ಟು ಕಡಿಮೆ ಏಕೆ ಎಂಬ ಪ್ರಶ್ನೆಯ ಬೆನ್ನುಹತ್ತಿ, ಭಾರತ ಮತ್ತು ಬಾಂಗ್ಲಾದೇಶದ ಹುಣ್ಣಿನ ಬಗ್ಗೆ 1979ರಲ್ಲಿ ದೀರ್ಘ ಲೇಖನವನ್ನೇ ಬರೆದರು. ಆ ಕಾಲಕ್ಕೆ ಹಳೆಯ ಹುಣ್ಣಿಗೆ ಉಳಿದ ದಾರಿ ಕತ್ತಿ. ಜಠರದ ಒಂದು ಭಾಗವನ್ನು ಕೊಯ್ದು ತೆಗೆಯುವುದು, ಇಲ್ಲವೆ ಆಮ್ಲಕ್ಕೆ ಅಪ್ಪಣೆ ಕೊಡುವ ವೇಗಸ್ ನರವನ್ನು ಕತ್ತರಿಸುವುದು. 1976ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಸಿಮೆಟಿಡಿನ್ ಬಂತು. ಹಿಸ್ಟಮಿನ್ ಎಂಬ ಸಂದೇಶವಾಹಕವನ್ನು ಜಠರದ ಕೋಶದ ಬಾಗಿಲಲ್ಲೇ ತಡೆಯುವ ಈ ಮದ್ದಿನ ಹಿಂದಿದ್ದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರ ನೊಬೆಲ್ ಸಂದಿತು. 1981ರಲ್ಲಿ ರಾನಿಟಿಡಿನ್, ನಮ್ಮ ಜಿನಿಟ್ಯಾಕ್, ರಾಂಟ್ಯಾಕ್, ಅಸಿಲಾಕ್. ಶಸ್ತ್ರಕ್ರಿಯೆಯ ಕೋಣೆಗಳು ನಿಧಾನವಾಗಿ ಖಾಲಿಯಾದವು. ಅಷ್ಟರಲ್ಲಿ ಆಸ್ಟ್ರೇಲಿಯಾದ ವಾರೆನ್ ಮತ್ತು ಮಾರ್ಷಲ್ ಹುಣ್ಣಿಗೆ ಬಹುಪಾಲು ಕಾರಣ ಒಂದು ಬ್ಯಾಕ್ಟೀರಿಯ ಎಂದು ತೋರಿಸಿದರು. ಮಾರ್ಷಲ್ ಆ ಬ್ಯಾಕ್ಟೀರಿಯವನ್ನು 1984ರಲ್ಲಿ ತಾವೇ ಕುಡಿದು ಪರೀಕ್ಷೆಗೆ ಒಡ್ಡಿಕೊಂಡರು. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು. ಖಾರ ತಿಂದದ್ದಕ್ಕೆ ಹುಣ್ಣು, ಚಿಂತೆ ಮಾಡಿದ್ದಕ್ಕೆ ಹುಣ್ಣು ಎಂದು ದಶಕಗಳ ಕಾಲ ರೋಗಿಯನ್ನೇ ದೂರಿದ್ದ ವೈದ್ಯಲೋಕಕ್ಕೆ ಅದು ತಕ್ಕ ಪಾಠ. ಮತ್ತೊಂದು ಮಾತು: ಆ ಬ್ಯಾಕ್ಟೀರಿಯಕ್ಕೆ ಕೊಡುವ ಚಿಕಿತ್ಸೆ ಸುಮಾರು ಎರಡು ವಾರದ್ದು. ಹುಣ್ಣಿನಂಥ ಹಟಮಾರಿ ಕಾಯಿಲೆಗೂ ಮೂರನೆಯ ತಾರೀಖು ಸಿಕ್ಕಿತು.

ರಾನಿಟಿಡಿನ್ನಿನ ಕತೆ ಬೇರೆ ರೀತಿಯದು. ಅದರಲ್ಲಿ ಎನ್‌ಡಿಎಂಎ ಎಂಬ, ಕ್ಯಾನ್ಸರ್‌ಕಾರಕವೆಂದು ಶಂಕಿಸಲಾದ ಕಲ್ಮಶ ಇದೆ ಎಂದು 2019ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹೇಳಿತು. 2020ರ ಏಪ್ರಿಲಿನಲ್ಲಿ ಮಾರುಕಟ್ಟೆಯಿಂದಲೇ ತೆಗೆಯಲು ಸೂಚಿಸಿತು. ದಿನ ಕಳೆದಂತೆ, ಶಾಖ ತಗುಲಿದಂತೆ ಆ ಕಲ್ಮಶ ಮಾತ್ರೆಯೊಳಗೇ ಹೆಚ್ಚುತ್ತಿತ್ತು. ಎಂದರೆ ಸ್ಟ್ರಿಪ್ಪಿನ ಮೇಲೆ ಅಚ್ಚಾದ ಎರಡು ತಾರೀಖುಗಳ ನಡುವೆಯೇ ಮಾತ್ರೆ ಕೆಡುತ್ತಿತ್ತು. ಭಾರತದ 2022ರ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಿಂದ ರಾನಿಟಿಡಿನ್ನನ್ನು ಕೈಬಿಡಲಾಯಿತು. ಇದೇ ಬಳಗದ ಫ್ಯಾಮೊಟಿಡಿನ್ ಇನ್ನೂ ಇದೆ, ಕೆಲಸಕ್ಕೂ ಬರುತ್ತದೆ.

ಈಗ ರಾಜ್ಯವಾಳುತ್ತಿರುವ ಬಳಗಕ್ಕೆ ಬರೋಣ. ಸ್ವೀಡನ್ನಿನಲ್ಲಿ ರೂಪುಗೊಂಡು 1988ರಲ್ಲಿ ಹೊರಬಂದ ಒಮೆಪ್ರಜೋಲ್, ಅದರ ಹಿಂದೆಯೇ ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಎಸೊಮೆಪ್ರಜೋಲ್. 1970ರ ಪೇಟೆಂಟ್ ಕಾಯ್ದೆ ಔಷಧದ ವಸ್ತುವಿಗೆ ಪೇಟೆಂಟ್ ಕೊಡದೆ ತಯಾರಿಕಾ ವಿಧಾನಕ್ಕೆ ಮಾತ್ರ ಕೊಡುತ್ತಿದ್ದುದರಿಂದ ನಮ್ಮ ಕಂಪನಿಗಳು ಇವನ್ನು ಬೇಗ, ಅಗ್ಗವಾಗಿ ತಯಾರಿಸಿದವು. ಅಗ್ಗವಾದದ್ದು ಒಳ್ಳೆಯದೇ ಆಯಿತು. ಅಗ್ಗವಾದದ್ದನ್ನು ಯಾರೂ ಲೆಕ್ಕ ಇಡುವುದಿಲ್ಲ ಎಂಬುದೂ ನಿಜವಾಯಿತು. ಇವು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ನಮ್ಮ ತಪ್ಪೆಲ್ಲ ಅಲ್ಲಿದೆ. ಜಠರದ ಕೋಶಗಳಲ್ಲಿ ಆಮ್ಲವನ್ನು ಹೊರಗೆ ತಳ್ಳುವ ಸೂಕ್ಷ್ಮ ಪಂಪುಗಳಿವೆ. ತೋಟದ ಪಂಪುಸೆಟ್ಟಿನಂತೆ ಅವು ಸದಾ ಓಡುವುದಿಲ್ಲ. ಊಟ ಬಂದಾಗ ಬಹುಪಾಲು ಎದ್ದು ಓಡುತ್ತವೆ, ಉಳಿದ ಹೊತ್ತು ಬಹುಪಾಲು ಮಲಗಿರುತ್ತವೆ. ಮಾತ್ರೆ ಓಡುತ್ತಿರುವ ಪಂಪಿಗೆ ಮಾತ್ರ ಹೋಗಿ ಅಂಟಿಕೊಂಡು ಅದನ್ನು ಶಾಶ್ವತವಾಗಿ ನಿಲ್ಲಿಸುತ್ತದೆ. ಆದರೆ ರಕ್ತದಲ್ಲಿ ಮಾತ್ರೆ ಉಳಿಯುವುದು ಒಂದೆರಡು ಗಂಟೆಯಷ್ಟೆ. ಆದ್ದರಿಂದ ಮಾತ್ರೆ ರಕ್ತಕ್ಕೆ ಬರುವ ಹೊತ್ತಿಗೆ ಪಂಪುಗಳು ಎದ್ದಿರಬೇಕು. ಬೆಳಗಿನ ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಎಂಬ ಸೂಚನೆ ಶಿಷ್ಟಾಚಾರಕ್ಕೆ ಹೇಳಿದ್ದಲ್ಲ. ಇಡೀ ಮದ್ದು ನಿಂತಿರುವುದೇ ಆ ಅರ್ಧ ಗಂಟೆಯ ಮೇಲೆ. ಪೂರ್ತಿ ಪರಿಣಾಮ ಕಾಣಲು ಮೂರರಿಂದ ಐದು ದಿನ ಬೇಕು. ಆಮ್ಲದಲ್ಲಿ ಕೆಡದಂತೆ ಮಾತ್ರೆಗೆ ಹೊದಿಕೆ ಇರುವುದರಿಂದ ಜಜ್ಜಿ, ಪುಡಿಮಾಡಿ ಕೊಡುವಂತಿಲ್ಲ.

ಕೊಡಗಿನ ಬೆಳಗನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಏಳುತ್ತಲೇ ಹಾಲು ಹಾಕಿದ ಒಂದು ಲೋಟ ಕಾಫಿ, ಅದರ ಜೊತೆಗೇ ಮಾತ್ರೆ. ಪಂಪುಗಳನ್ನೆಲ್ಲ ಎಬ್ಬಿಸುವಂಥ ಊಟ ಅದಲ್ಲ. ಅಕ್ಕಿರೊಟ್ಟಿಯೋ ಕಡುಬೋ ಹೊಟ್ಟೆಗೆ ಬೀಳುವುದು ತೋಟಕ್ಕೊಂದು ಸುತ್ತು ಹೋಗಿ ಬಂದ ಮೇಲೆ, ಒಂಬತ್ತೋ ಒಂಬತ್ತೂವರೆಯೋ ಆದಾಗ. ಅಷ್ಟರಲ್ಲಿ ಆರು ಗಂಟೆಯ ಮಾತ್ರೆ ಬಂದು, ಮಲಗಿದ್ದ ಪಂಪುಗಳ ನಡುವೆ ಅಲೆದು, ಬಹುಮಟ್ಟಿಗೆ ಹೊರಟುಹೋಗಿರುತ್ತದೆ. ಇನ್ನು ಕೆಲವರು ರಾತ್ರಿ ಊಟ ಮುಗಿಸಿ, ಮಲಗಿ, ಉರಿ ಎದ್ದ ಮೇಲೆ ಎದ್ದು ನುಂಗುತ್ತಾರೆ. ಆ ಹೊತ್ತಿಗೆ ಬೇಕಾದದ್ದು ಎರಡು ಚಮಚ ಜೆಲುಸಿಲ್. ಪ್ಯಾಂಟೊಪ್ರಜೋಲ್ ಆ ರಾತ್ರಿಗೆ ಒದಗುವುದಿಲ್ಲ. ಗುಣ ಕಾಣದಿದ್ದಾಗ ಆಗುವುದೇನು? ನಲವತ್ತು ಮಿಲಿಗ್ರಾಂ ದಿನಕ್ಕೆರಡು ಬಾರಿಯಾಗುತ್ತದೆ, ಬರೀ ಪ್ಯಾಂಟೊಪ್ರಜೋಲ್ ಇದ್ದದ್ದು, ಜಠರದ ಊಟವನ್ನು ಬೇಗ ಕೆಳಗಿಳಿಸುವ ಡೊಂಪೆರಿಡೋನ್ ಸೇರಿದ ಪ್ಯಾನ್-ಡಿ ಆಗುತ್ತದೆ. ಹೃದಯದ ಲಯಕ್ಕೆ ತೊಂದರೆ ತರಬಹುದೆಂದು ಯೂರೋಪಿನ ಔಷಧ ಸಂಸ್ಥೆ 2014ರಲ್ಲಿ ಡೊಂಪೆರಿಡೋನ್ ಬಳಕೆಯನ್ನು ವಾಂತಿ, ಓಕರಿಕೆಗಷ್ಟೆ, ಅದೂ ಸಾಮಾನ್ಯವಾಗಿ ಒಂದು ವಾರಕ್ಕೆ ಸೀಮಿತಗೊಳಿಸಿತು. ಊಟವನ್ನು ಕೆಳಗಿಳಿಸುವ ಅದೇ ಕೆಲಸಕ್ಕೆ ಬಳಕೆಯಲ್ಲಿದ್ದ ಸಿಸಾಪ್ರೈಡನ್ನು ಭಾರತ ಸರ್ಕಾರ 2011ರಲ್ಲಿ ನಿಷೇಧಿಸಿತು. ಹೊತ್ತು ತಪ್ಪಿದ ಒಂದು ಮಾತ್ರೆಗೆ ಪರಿಹಾರವಾಗಿ ಎರಡನೆಯ ಮದ್ದು ಬಂದು ಕೂರುವುದು ಹೀಗೆ.

ಮೂರನೆಯ ತಾರೀಖಿಗೆ ಬರುತ್ತೇನೆ. ಅಮೆರಿಕದ ಜಠರಕರುಳು ತಜ್ಞರ ಕಾಲೇಜು 2022ರಲ್ಲಿ ಕೊಟ್ಟ ಮಾರ್ಗಸೂಚಿ ಸ್ಪಷ್ಟವಾಗಿದೆ: ಅಪಾಯದ ಲಕ್ಷಣಗಳಿಲ್ಲದ ಸಾಮಾನ್ಯ ಎದೆಯುರಿಗೆ ದಿನಕ್ಕೊಂದರಂತೆ, ಊಟಕ್ಕೆ ಮೊದಲು, ಎಂಟು ವಾರ; ಗುಣವಾದರೆ ನಿಲ್ಲಿಸಿ ನೋಡುವುದು. ಎಂಟು ವಾರ ಎಂದರೆ ಐವತ್ತಾರು ಮಾತ್ರೆ. ಹಾಗಿದ್ದರೆ ಐವತ್ತೇಳನೆಯದು ಏಕೆ ಬರುತ್ತದೆ? ನಿಲ್ಲಿಸಿದ ಕೂಡಲೆ ಉರಿ ಮತ್ತೆ ಬಂತು, ಅದಕ್ಕೆ ನನಗೆ ಇದು ಬೇಕೇ ಬೇಕು ಎನ್ನುತ್ತಾರೆ ನುಂಗುವವರು. ಈ ಮಾತನ್ನು ತಳ್ಳಿಹಾಕುವಂತಿಲ್ಲ, ಅವರಿಗೆ ಉರಿಯುವುದು ನಿಜ. ಆದರೆ ಆ ಉರಿ ಎಲ್ಲಿಂದ ಬಂತು ಎಂಬುದಕ್ಕೆ ಡೆನ್ಮಾರ್ಕಿನ ಒಂದು ಪ್ರಯೋಗ ಉತ್ತರ ಕೊಟ್ಟಿದೆ. 2009ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಎದೆಯುರಿಯೇ ಇಲ್ಲದ 120 ಆರೋಗ್ಯವಂತರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹನ್ನೆರಡು ವಾರ ಸುಳ್ಳು ಮಾತ್ರೆ, ಇನ್ನೊಂದಕ್ಕೆ ಎಂಟು ವಾರ ಎಸೊಮೆಪ್ರಜೋಲ್, ಆಮೇಲೆ ನಾಲ್ಕು ವಾರ ಸುಳ್ಳು ಮಾತ್ರೆ ಕೊಟ್ಟರು. ಕೊನೆಯ ನಾಲ್ಕು ವಾರಗಳಲ್ಲಿ ಸುಳ್ಳು ಮಾತ್ರೆಯವರಲ್ಲಿ ಶೇಕಡ 15 ಮಂದಿಗೆ ಉರಿ, ಹುಳಿತೇಗು, ಹೊಟ್ಟೆಸಂಕಟ ಕಾಣಿಸಿದರೆ, ನಿಜವಾದ ಮಾತ್ರೆ ತಿಂದು ಬಿಟ್ಟವರಲ್ಲಿ ಶೇಕಡ 44 ಮಂದಿಗೆ ಕಾಣಿಸಿತು. ಕಾಯಿಲೆಯೇ ಇಲ್ಲದವರಿಗೆ ಮದ್ದು ನಿಲ್ಲಿಸಿದ್ದರಿಂದ ಕಾಯಿಲೆ ಬಂತು. ಕಾರಣ ಸರಳ: ಆಮ್ಲ ಕಡಿಮೆಯಾದಾಗ ಶರೀರ ಗ್ಯಾಸ್ಟ್ರಿನ್ ಎಂಬ ಹಾರ್ಮೋನನ್ನು ಹೆಚ್ಚಿಸಿ ಆಮ್ಲ ಮಾಡಿ, ಆಮ್ಲ ಮಾಡಿ ಎಂದು ಕೂಗುತ್ತಿರುತ್ತದೆ, ತಡೆ ತೆಗೆದ ಕೂಡಲೆ ಕಟ್ಟೆಯೊಡೆದಂತೆ ಆಮ್ಲ ನುಗ್ಗುತ್ತದೆ. ಕೆಲವು ವಾರಗಳಲ್ಲಿ ಅದು ತಾನಾಗಿ ಇಳಿಯುತ್ತದೆ. ಇಳಿಯುವ ತನಕ ಕಾಯಬೇಕೆಂದು ಯಾರೂ ಹೇಳಿರದಿದ್ದರೆ ಮೂರನೆಯ ದಿನಕ್ಕೇ ಅಂಗಡಿಗೆ ಹೋಗುತ್ತೇವೆ, ಐವತ್ತೇಳನೆಯ ಮಾತ್ರೆ ಹುಟ್ಟುವುದು ಅಲ್ಲಿ.

ಇದಕ್ಕೆ ಬರುವ ಬಲವಾದ ಆಕ್ಷೇಪ, ಇರಲಿ ಬಿಡಿ, ಅದರಿಂದ ನಷ್ಟವೇನು ಎಂಬುದು. ಪ್ರಾಮಾಣಿಕವಾಗಿ ಉತ್ತರಿಸಬೇಕಾದರೆ ಮೊದಲು ನನ್ನ ಪಕ್ಷಕ್ಕೆ ಅನುಕೂಲವಲ್ಲದ ಸಾಕ್ಷ್ಯವನ್ನೇ ಮುಂದಿಡಬೇಕು. ಮೂಳೆ ಮುರಿತ, ಕಿಡ್ನಿ ವೈಫಲ್ಯ, ಮರೆವಿನ ಕಾಯಿಲೆ, ಹೃದಯಾಘಾತ, ಎಲ್ಲವನ್ನೂ ಈ ಮಾತ್ರೆಯ ತಲೆಗೆ ಕಟ್ಟಿದ ವರದಿಗಳು ವರ್ಷವರ್ಷವೂ ಬಂದಿವೆ. ಅವುಗಳಲ್ಲಿ ಹೆಚ್ಚಿನವು ದಾಖಲೆಗಳನ್ನು ಹಿಂದಿರುಗಿ ನೋಡಿ ಮಾಡಿದ ಅಧ್ಯಯನಗಳು. ಈ ಮಾತ್ರೆ ತಿನ್ನುವವರು ಮೊದಲೇ ವಯಸ್ಸಾದವರು, ಹತ್ತು ಕಾಯಿಲೆಯವರು. ಕೇಡು ಮಾತ್ರೆಯಿಂದ ಬಂತೋ ವಯಸ್ಸಿನಿಂದ ಬಂತೋ ಹೇಳುವುದು ಕಷ್ಟ. 2019ರಲ್ಲಿ ಪ್ರಕಟವಾದ ಕಂಪಾಸ್ ಪ್ರಯೋಗದಲ್ಲಿ 17,598 ಹೃದಯ ಮತ್ತು ರಕ್ತನಾಳದ ರೋಗಿಗಳನ್ನು ಚೀಟಿಯೆತ್ತಿದಂತೆ ವಿಂಗಡಿಸಿ, ಅರ್ಧದಷ್ಟು ಜನರಿಗೆ ಪ್ಯಾಂಟೊಪ್ರಜೋಲ್, ಉಳಿದವರಿಗೆ ಸುಳ್ಳು ಮಾತ್ರೆ ಕೊಟ್ಟು ಸುಮಾರು ಮೂರು ವರ್ಷ ಹಿಂಬಾಲಿಸಿದರು. ಮೂಳೆ, ಕಿಡ್ನಿ, ಮರೆವು, ನ್ಯುಮೋನಿಯ, ಯಾವುದರಲ್ಲೂ ಗಣನೀಯ ವ್ಯತ್ಯಾಸ ಕಾಣಲಿಲ್ಲ; ಕರುಳಿನ ಸೋಂಕು ಮಾತ್ರ ಸ್ವಲ್ಪ ಹೆಚ್ಚು, ಶೇಕಡ 1ಕ್ಕೆ ಎದುರಾಗಿ 1.4. ಆದ್ದರಿಂದ ವಾಟ್ಸಾಪಿನಲ್ಲಿ ಬರುವ ಹೆದರಿಕೆಯ ಸಂದೇಶ ನೋಡಿ ಬೇಕಾದ ಮಾತ್ರೆಯನ್ನೂ ಕಿಟಕಿಯಾಚೆ ಎಸೆಯುವವರ ಜೊತೆ ನಾನಿಲ್ಲ.

ಹಾಗೆಂದು ನಷ್ಟವೇ ಇಲ್ಲ ಎನ್ನಲೂ ಆಗದು. ಮೂರು ವರ್ಷದ ಪ್ರಯೋಗ ಹದಿನೈದು ವರ್ಷದ ಅಭ್ಯಾಸಕ್ಕೆ ಜಾಮೀನು ನಿಲ್ಲುವುದಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ತಿಂದವರಲ್ಲಿ ಬಿ12 ಕೊರತೆ ಹೆಚ್ಚು ಕಂಡಿದೆ. ಮೆಗ್ನೀಸಿಯಂ ಕುಸಿಯಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲೇ ಎಚ್ಚರಿಸಿದೆ. ಕಬ್ಬಿಣಾಂಶ ರಕ್ತಕ್ಕೆ ಸೇರಲು ಜಠರದ ಆಮ್ಲ ಬೇಕು. ತೋಟದ ಕೂಲಿಯವರ ಲೈನ್‌ಮನೆಗಳಲ್ಲಿ, ಆದಿವಾಸಿ ಹಾಡಿಗಳಲ್ಲಿ ರಕ್ತಹೀನತೆಗೆಂದು ಸರ್ಕಾರ ಕೊಡುವ ಕೆಂಪು ಮಾತ್ರೆಯನ್ನೂ ಅದು ಹಿಡಿಯದಂತೆ ತಡೆಯುವ ಗ್ಯಾಸ್ ಮಾತ್ರೆಯನ್ನೂ ಒಂದೇ ಹೆಂಗಸು ಒಂದೇ ದಿನ ನುಂಗುತ್ತಿದ್ದರೆ, ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಸಿದುಕೊಂಡಂತೆ. ಥೈರಾಯಿಡ್ ಮಾತ್ರೆಯ ಕತೆಯೂ ಇದೇ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಕ್ಲೊಪಿಡೊಗ್ರೆಲ್ ತಿನ್ನುವವರು ಒಮೆಪ್ರಜೋಲನ್ನು ಕೇಳದೆ ತಿನ್ನಬಾರದು. ಕೆಡುಕು ದೊಡ್ಡದಲ್ಲದಿರಬಹುದು, ಬೇಡದ ಮದ್ದಿನಿಂದ ಬರುವ ಸಣ್ಣ ಕೆಡುಕನ್ನೂ ಏಕೆ ಸಹಿಸಬೇಕು ಎಂಬುದು ಪ್ರಶ್ನೆ.

ಮಾತ್ರೆ ನಿಲ್ಲಬೇಕಾದರೆ ಬೇರೆ ಏನಾದರೂ ಬದಲಾಗಬೇಕಲ್ಲ? ಇಲ್ಲಿ ಕೊಡಗಿನ ಊಟದ ಮೇಲೆ ಒಂದು ದೊಡ್ಡ ಆಪಾದನೆ ಕಾದು ಕುಳಿತಿರುತ್ತದೆ. ಪಂದಿಕರಿ, ಕರಿಮೆಣಸು, ಕಾಚಂಪುಳಿ, ಕಾಫಿ: ಇಷ್ಟು ಬಿಟ್ಟರೆ ಎದೆಯುರಿ ಹೋಗುತ್ತದೆ ಎನ್ನುವವರು ಬಹಳ. ಪುನರ್ಪುಳಿಯ ಬಳಗಕ್ಕೆ ಸೇರಿದ ಹಣ್ಣಿನ ರಸವನ್ನು ಕಪ್ಪು ಕಾಡಿಗೆಯಾಗುವ ತನಕ ಕಾಯಿಸಿದ ಕಾಚಂಪುಳಿ ಹುಳಿಯೇ ಹೌದು. ಆದರೆ ಒಂದು ಪಾತ್ರೆ ಪಂದಿಕರಿಗೆ ಬೀಳುವುದು ಕೆಲವೇ ಚಮಚ, ಜಠರದ ಸ್ವಂತ ಆಮ್ಲದ ಮುಂದೆ ಅದು ಲೆಕ್ಕಕ್ಕಿಲ್ಲ. ಎದೆಯುರಿಗೆ ಹೇಳುವ ಪಥ್ಯಗಳಲ್ಲಿ ಯಾವುದಕ್ಕೆ ಪುರಾವೆಯಿದೆ ಎಂದು 2006ರಲ್ಲಿ ಅಮೆರಿಕದ ಸಂಶೋಧಕರು ಜರಡಿ ಹಿಡಿದಾಗ ಉಳಿದದ್ದು ಎರಡೇ: ತೂಕ ಇಳಿಸುವುದು, ಮಲಗುವಾಗ ತಲೆಯ ಕಡೆ ಎತ್ತರಿಸುವುದು. ಕಾಫಿ, ಖಾರ, ಹುಳಿ ಬಿಟ್ಟರೆ ಗುಣ ಎಂಬುದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ದೇಶದ ಕಾಫಿಯಲ್ಲಿ ಮೂರನೆಯ ಒಂದು ಪಾಲಿನಷ್ಟನ್ನು ಬೆಳೆಯುವ ಜಿಲ್ಲೆಗೆ ಇದು ಸಂತೋಷದ ಸುದ್ದಿ, ಪೂರ್ತಿ ಸಂತೋಷಪಡುವಂತಿಲ್ಲ. ಅಮೆರಿಕದ ನರ್ಸುಗಳನ್ನು ದೀರ್ಘಕಾಲ ಹಿಂಬಾಲಿಸಿದ ಅಧ್ಯಯನದಲ್ಲಿ ದಿನಕ್ಕೆ ಆರು ಲೋಟಕ್ಕಿಂತ ಹೆಚ್ಚು ಕಾಫಿ ಕುಡಿಯುವವರಿಗೆ ಎದೆಯುರಿಯ ಸಾಧ್ಯತೆ ಮೂರನೆಯ ಒಂದರಷ್ಟು ಹೆಚ್ಚಿತ್ತು. ಒಂದೆರಡು ಲೋಟಕ್ಕೆ ಹೆದರಬೇಕಾಗಿಲ್ಲ, ತಮಗೆ ಆಗದು ಎಂದು ಕಂಡುಕೊಂಡವರು ಬಿಡಲಿ. ಪಂದಿಕರಿಯಲ್ಲಿ ತೊಂದರೆ ಕೊಡುವುದು ಹುಳಿಗಿಂತ ಕೊಬ್ಬು. ಕೊಬ್ಬಿನ ಊಟ ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಹುತ್ತರಿಯ ರಾತ್ರಿ, ಮದುವೆಯ ಹಿಂದಿನ ರಾತ್ರಿ, ಎರಡು ಪೆಗ್ಗಿನ ಮೇಲೆ ಹನ್ನೊಂದಕ್ಕೆ ಹೊಟ್ಟೆಬಿರಿಯ ಉಂಡು ಹನ್ನೊಂದೂವರೆಗೆ ಅಂಗಾತ ಮಲಗಿದರೆ, ಸಡಿಲವಾದ ಬಾಗಿಲಿನ ಮೇಲೆ ತುಂಬಿದ ಚೀಲ ಒರಗಿಸಿದಂತೆ. ಅಪರಾಧ ಪಂದಿಕರಿಯದ್ದಲ್ಲ, ಗಡಿಯಾರದ್ದು.

ತಿಂದು ಮಲಗುವ ನಡುವೆ ಮೂರು ಗಂಟೆ ಬಿಡಿ, ತೂಕ ಇಳಿಸಿ ಎನ್ನುವುದು ಮನೆಯಲ್ಲಿ ಕುಳಿತವರಿಗೆ ಸುಲಭ. ಡಿಸೆಂಬರಿನಿಂದ ಫೆಬ್ರುವರಿ ತನಕ ಕಾಫಿ ಕೊಯ್ಲಿನಲ್ಲಿ ಬಗ್ಗಿ ನೆಲದ ಹಣ್ಣು ಆರಿಸುವ, ಚೀಲ ಹೊರುವ ಕೂಲಿಯವರಿಗೆ ಏನು ಹೇಳುತ್ತೀರಿ ಎಂಬ ಪ್ರಶ್ನೆಗೆ ನಾನು ತಲೆಬಾಗುತ್ತೇನೆ. ಬಗ್ಗಿದಾಗ, ಭಾರ ಎತ್ತಿದಾಗ ಹೊಟ್ಟೆಯ ಒತ್ತಡ ಹೆಚ್ಚಿ ಉರಿ ಬರುವುದು ದೇಹದ ನಿಯಮ. ಕೆಲಸ ಬಿಡಿ ಎನ್ನಲಾಗದು. ಅವರಿಗೆ ಮಾತ್ರೆ ಕೊಡುವುದು ನ್ಯಾಯವೇ. ಆದರೆ ಅಲ್ಲೂ ಋತುವಿದೆ, ಕೊಯ್ಲು ಮುಗಿಯುವ ದಿನವಿದೆ. ಇನ್ನೊಂದು ಕಡೆ ನೋಡಿ: ಸೊಂಟನೋವಿಗೆ ಡೈಕ್ಲೊಫೆನಾಕ್, ಅದರ ಜೊತೆಗೊಂದು ಗ್ಯಾಸ್ ಮಾತ್ರೆ. ವಯಸ್ಸಾದವರಿಗೆ, ಹಿಂದೆ ಹುಣ್ಣಾದವರಿಗೆ ಈ ಜೋಡಿ ಸರಿಯಾದದ್ದು, ಪ್ರಾಣ ಉಳಿಸುವಂಥದ್ದು. ನೋವು ಹೋದ ಮೇಲೆ ನೋವಿನ ಮಾತ್ರೆ ನಿಲ್ಲುತ್ತದೆ, ಕಾವಲಿಗೆ ಬಂದದ್ದು ಕಳ್ಳ ಹೋದ ಮೇಲೂ ಜಗಲಿಯಲ್ಲೇ ಕುಳಿತಿರುತ್ತದೆ. ಪ್ಯಾಂಟೊಪ್ರಜೋಲ್ ಸ್ಟ್ರಿಪ್ಪಿನ ಮೇಲಿನ ಕೆಂಪು ಗೆರೆಗೆ ಅರ್ಥ, ಅದು ಷೆಡ್ಯೂಲ್ ಎಚ್ ಔಷಧ, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು. ಆ ಗೆರೆ ಎಷ್ಟರಮಟ್ಟಿಗೆ ಗೆರೆಯಾಗಿ ಉಳಿದಿದೆ ಎಂಬುದು ಸಭೆಯಲ್ಲಿರುವ ಎಲ್ಲರಿಗೂ ತಿಳಿದದ್ದೇ.

ಎಲ್ಲರೂ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಎಂಡೋಸ್ಕೋಪಿಯಲ್ಲಿ ಅನ್ನನಾಳ ತೀವ್ರವಾಗಿ ಸುಟ್ಟಿರುವುದು ಕಂಡವರು, ಬ್ಯಾರೆಟ್ಸ್ ಎಂಬ ಬದಲಾವಣೆ ಇರುವವರು, ರಕ್ತಸ್ರಾವದ ಅಪಾಯವಿದ್ದು ಆಸ್ಪಿರಿನ್ ಅಥವಾ ರಕ್ತ ತೆಳುಮಾಡುವ ಮದ್ದು ತಿನ್ನುವವರು ಮುಂದುವರಿಸಬೇಕು. ಅವರ ಮೂರನೆಯ ತಾರೀಖು ನಿಲ್ಲಿಸುವ ದಿನವಲ್ಲ, ವೈದ್ಯರು ಮತ್ತೆ ನೋಡುವ ದಿನ. ನುಂಗುವಾಗ ತಡೆದಂತಾಗುವುದು, ತೂಕ ಇಳಿಯುವುದು, ಮಲ ಕಪ್ಪಾಗುವುದು, ರಕ್ತವಾಂತಿ, ವಯಸ್ಸಾದ ಮೇಲೆ ಹೊಸದಾಗಿ ಶುರುವಾದ ಉರಿ, ಇವಿದ್ದವರಿಗೆ ಮಾತ್ರೆಗಿಂತ ಮೊದಲು ಪರೀಕ್ಷೆ ಆಗಬೇಕು. ಮಾತ್ರೆ ಲಕ್ಷಣವನ್ನು ಅಡಗಿಸಿ ಕಾಯಿಲೆಯನ್ನು ಬೆಳೆಯಲು ಬಿಡುತ್ತದೆ.

ಗ್ಯಾಸ್ಟ್ರಿಕ್ ಎಂಬ ಪದ ಮಾಡುವ ದೊಡ್ಡ ಅನಾಹುತ ಇನ್ನೊಂದಿದೆ. ಹೃದಯಾಘಾತದ ನೋವೂ ಎದೆಯ ನಡುವೆ ಉರಿಯಾಗಿ, ಹೊಟ್ಟೆಯ ಮೇಲ್ಭಾಗದ ಹಿಂಡಾಗಿ ಬರಬಹುದು. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ಇನ್ನೂ ಮೋಸಗೊಳಿಸುತ್ತದೆ. ಮಡಿಕೇರಿಯಿಂದ, ಹೃದ್ರೋಗದ ದೊಡ್ಡ ಆಸ್ಪತ್ರೆಗಳಿರುವ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಗ್ಯಾಸ್ ಇರಬೇಕು, ಒಂದು ಮಾತ್ರೆ ತಿಂದು ನೋಡೋಣ ಎಂದು ಕಳೆದ ಒಂದು ಗಂಟೆ ಆ ದೂರಕ್ಕೆ ಸೇರಿಕೊಳ್ಳುತ್ತದೆ. ರಾಜ್ಯ ಸರ್ಕಾರದ ಹೃದಯಜ್ಯೋತಿ ಯೋಜನೆ ತಾಲ್ಲೂಕು ಮಟ್ಟದ ಆಸ್ಪತ್ರೆಗಳನ್ನು ಜಯದೇವದಂಥ ಹೃದ್ರೋಗ ಕೇಂದ್ರಕ್ಕೆ ಜೋಡಿಸಿರುವುದು ಇಸಿಜಿ ಬೇಗ ಆಗಲಿ, ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಹತ್ತಿರದಲ್ಲೇ ಸಿಗಲಿ ಎಂದು. ಬೆವರು, ಉಸಿರು ಕಟ್ಟುವುದು, ತೋಳಿಗೋ ದವಡೆಗೋ ಹರಿಯುವ ನೋವು, ನಡೆದರೆ ಹೆಚ್ಚಾಗುವ ಉರಿ, ಇವುಗಳಲ್ಲಿ ಒಂದಿದ್ದರೂ ಮೊದಲು ಇಸಿಜಿ, ಆಮೇಲೆ ಮಾತ್ರೆಯ ಮಾತು.

ನಿಲ್ಲಿಸಬಹುದಾದವರಿಗೆ ದಾರಿ ಕಷ್ಟದ್ದಲ್ಲ. ವೈದ್ಯರನ್ನು ಕೇಳಿ, ಒಮ್ಮೆಗೇ ಬಿಡಬಹುದು, ಇಲ್ಲವೆ ದಿನ ಬಿಟ್ಟು ದಿನ ಮಾಡಿ ಬಿಡಬಹುದು. ನಡುವೆ ಉರಿ ಬಂದರೆ ಜೆಲುಸಿಲ್ಲೋ ಫ್ಯಾಮೊಟಿಡಿನ್ನೋ ಸಾಕು. ಜೀರಿಗೆ ಕಷಾಯ, ನೀರುಮಜ್ಜಿಗೆ ಕುಡಿದು ಸಮಾಧಾನ ಸಿಕ್ಕರೆ ನನ್ನ ತಕರಾರಿಲ್ಲ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಒಂದೊಂದು ಇಟ್ಟಿಗೆ ಇಡುವುದಕ್ಕೆ ಚೀಟಿ ಬೇಡ. ಮೇಲೊಂದು ದಿಂಬು ಸೇರಿಸಿದರೆ ಆಗದು, ಕತ್ತು ಮಾತ್ರ ಬಾಗಿ ಹೊಟ್ಟೆ ಮಡಚಿಕೊಳ್ಳುತ್ತದೆ. ಎಡಮಗ್ಗುಲಾಗಿ ಮಲಗುವುದು ಮೇಲು. ನಾಲ್ಕು ವಾರ ಹೀಗೆ ದಾಟಿದ ಮೇಲೂ ಉರಿ ಉಳಿದರೆ ಆಗ ಅದು ನಿಜವಾದ ಕಾಯಿಲೆ, ಆಗ ಮಾತ್ರೆಗೆ ಹಿಂದಿರುಗುವುದರಲ್ಲಿ ಅವಮಾನವಿಲ್ಲ.

ಈ ಸಭೆಯಲ್ಲಿ ವೈದ್ಯರಿದ್ದಾರೆ, ಔಷಧಿ ಅಂಗಡಿಯವರಿದ್ದಾರೆ. ಅವರಲ್ಲಿ ನನ್ನದೊಂದು ಕೋರಿಕೆ. ಮಾತ್ರೆ ಹಾಕಿಕೊಡುವ ಕಾಗದದ ಕವರಿನ ಮೇಲೆ 1-0-0 ಎಂದು ಬರೆಯುತ್ತೀರಿ, ಕೆಳಗೊಂದು ಗೆರೆ ಎಳೆದು ಊಟಕ್ಕೆ ಮುಂಚೆ ಎನ್ನುತ್ತೀರಿ. ಅದೇ ಪೆನ್ನಿನಿಂದ, ಅದರ ಪಕ್ಕದಲ್ಲೇ, ನಿಲ್ಲಿಸಬೇಕಾದ ತಾರೀಖನ್ನೂ ಬರೆದುಕೊಡಿ. ನೀವು ಬರೆಯದಿದ್ದರೆ ಕೇಳಿ ಬರೆಸಿಕೊಳ್ಳುವ ಹಕ್ಕು ಕೌಂಟರಿನ ಈಚೆ ನಿಂತವರಿಗಿದೆ.